ಖಾಲಿ ಮಷಿನ್‌ಗಳ ಮುಂದೆ ಮತ್ತೆ ಜನ: ಮಹಾಮಾರಿಯ ನಂತರ ಕೆಲಸಗಾರರನ್ನು ಕರೆತರುವ ಬಗೆ, ಹಂತ ಹಂತವಾಗಿ

2020ರ ಮೇ ತಿಂಗಳ ಕೊನೆಯ ವಾರ. ಕೋವಿಡ್ ಲಾಕ್‌ಡೌನಿನಲ್ಲಿ ಎರಡು ತಿಂಗಳು ಮುಚ್ಚಿದ್ದ, ಬೆಂಗಳೂರಿನ ನಮ್ಮ ಗಾರ್ಮೆಂಟ್ಸ್ ಘಟಕದ ಶಟರ್ ಎತ್ತಿದಾಗ ಮೊದಲು ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಲೈನಿನಲ್ಲಿ ಅರ್ಧ ಹೊಲಿದ ಶರ್ಟಿನ ತೋಳುಗಳು ಬಿಟ್ಟಲ್ಲೇ ಬಿದ್ದಿದ್ದವು. ಒಂದು ಮಷಿನ್ನಿನಲ್ಲಿ ಸೂಜಿ ಬಟ್ಟೆಗೆ ಚುಚ್ಚಿಕೊಂಡೇ ನಿಂತಿತ್ತು, ಅದರ ಸುತ್ತ ತುಕ್ಕಿನ ಕಂದು ಮಚ್ಚೆ. ಹಾಜರಿ ಪುಸ್ತಕದಲ್ಲಿ 70 ಹೆಸರುಗಳು. ಆ ಬೆಳಗ್ಗೆ ಬಂದವರು 23 ಜನ.

ಹಾಜರಿ, ಸಂಬಳ ನೋಡಿಕೊಳ್ಳುವ ಕೆಲಸ ನನ್ನದು. ಮಧ್ಯಾಹ್ನದೊಳಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ನೋಟಿಸ್ ಹಾಕಿದೆ: ಮೂರು ದಿನದಲ್ಲಿ ಹಾಜರಾಗದವರ ಹೆಸರು ತೆಗೆಯಲಾಗುವುದು. ಎಲ್ಲರೂ ಓದಿದರು, ನೀಲಿ ಗುರುತು ಬಿತ್ತು. ನಾಲ್ಕನೇ ದಿನ ಎಣಿಸಿದರೆ 21 ಜನ. ಇದ್ದವರಲ್ಲೇ ಇಬ್ಬರು ಕಡಿಮೆ!

ಆಮೇಲಿನ ಒಂದೂವರೆ ವರ್ಷ, ಎರಡು ಅಲೆಗಳಲ್ಲಿ, ಎಡವಿ ಎಡವಿ ಕಲಿತದ್ದು ಇಲ್ಲಿದೆ. ಸಣ್ಣ ಕಾರ್ಖಾನೆ, ವರ್ಕ್‌ಶಾಪ್, ಹೋಟೆಲ್, ಅಂಗಡಿ ನಡೆಸುವವರಿಗೆ ಮತ್ತು ಸಿಬ್ಬಂದಿ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಇದು ಉಪಯೋಗವಾದೀತು. ನಾನು ಕಂಡುಕೊಂಡದ್ದು ಇಷ್ಟೇ: ಜನ ಉತ್ಸಾಹವಿಲ್ಲದೆ ಮನೆಯಲ್ಲಿ ಕೂತಿರುವುದಿಲ್ಲ, ಬರಲು ಅಡ್ಡಿಯಿರುವುದರಿಂದ ಕೂತಿರುತ್ತಾರೆ. ಒಬ್ಬೊಬ್ಬರ ಅಡ್ಡಿ ಒಂದೊಂದು. ಅದನ್ನು ಹುಡುಕಿ ತೆಗೆದರೆ ಹುರಿದುಂಬಿಸುವ ಕೆಲಸ ಮುಕ್ಕಾಲು ಮುಗಿದಂತೆ.

ಮೊದಲು ಕೈಯಲ್ಲಿರಬೇಕಾದದ್ದು

ಹಾಜರಿ ಪುಸ್ತಕ, ಸಂಬಳದ ಲೆಕ್ಕ, ಒಂದು ಉದ್ದನೆಯ ನೋಟ್‌ಬುಕ್, ಫೋನು. ಜೊತೆಗೆ, ಸಣ್ಣಪುಟ್ಟ ಖರ್ಚಿಗೆ ಫೋನಿನಲ್ಲೇ ಹೂಂ ಅನ್ನಲು ಮಾಲೀಕರಿಂದ ಮುಂಚಿತವಾಗಿ ಪಡೆದ ಒಪ್ಪಿಗೆ. ಇದು ಬಹಳ ಮುಖ್ಯ. "ಕೇಳಿ ಹೇಳ್ತೀನಿ" ಅಂದ ಕೂಡಲೇ ಆ ಕಡೆಯವರ ನಂಬಿಕೆ ಅರ್ಧ ಇಳಿದುಹೋಗುತ್ತದೆ.

ಹಂತ 1: ನಾಲ್ಕು ಕಾಲಂ ಎಳೆಯಿರಿ

ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರನ್ನೂ ಬರೆಯಿರಿ. ಎದುರಿಗೆ ನಾಲ್ಕು ಕಾಲಂ: ಈಗ ಎಲ್ಲಿದ್ದಾರೆ, ನಮ್ಮಿಂದ ಏನು ಬಾಕಿ, ಬರಲು ಏನು ಅಡ್ಡಿ, ನಾವು ಏನು ಮಾಡಬಹುದು. ಮೊದಲ ದಿನ ಮೂರನೇ ಮತ್ತು ನಾಲ್ಕನೇ ಕಾಲಂ ಖಾಲಿ ಬಿಡಿ. ಅವನ್ನು ಊಹೆಯಿಂದ ತುಂಬಬೇಡಿ. "ಇವಳಿಗೆ ಸೋಮಾರಿತನ", "ಇವನಿಗೆ ಊರಲ್ಲಿ ಜಮೀನಿದೆ, ಬರಲ್ಲ" ಎಂದು ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಂಡ ಷರಾಗಳಲ್ಲಿ ಹೆಚ್ಚಿನವು ಆಮೇಲೆ ಸುಳ್ಳಾದವು.

ಹಂತ 2: ಹಳೇ ಬಾಕಿ ಮೊದಲು ತೀರಿಸಿ

ಎರಡನೇ ಕಾಲಂ ಮಾತ್ರ ಅದೇ ದಿನ ತುಂಬಬೇಕು. ಮುಚ್ಚುವ ಮುಂಚಿನ ತಿಂಗಳ ಸಂಬಳ, ಓಟಿ ದುಡ್ಡು, ಬೋನಸ್ಸಿನ ಉಳಿಕೆ, ಹಿಡಿದಿಟ್ಟ ಪಿಎಫ್ ಕಂತು, ಯಾವುದಿದ್ದರೂ ಬರೆಯಿರಿ. ಫೋನ್ ಎತ್ತುವ ಮುಂಚೆ ಅದನ್ನು ಖಾತೆಗೆ ಹಾಕಿ. ಬಾಕಿ ಇಟ್ಟುಕೊಂಡವನು ಕೆಲಸಕ್ಕೆ ಕರೆದರೆ, ಬಂದರೆ ಮಾತ್ರ ಹಳೇ ದುಡ್ಡು ಸಿಗುತ್ತದೆ ಎಂದೇ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಇದು ಹೊಸ ಪಾಠವಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂದು ಗಿರಣಿ ಕಾರ್ಮಿಕರು ಊರಿನ ದಾರಿ ಹಿಡಿದಾಗ, ತಿಂಗಳ ಸಂಬಳವನ್ನು ವಾರಗಟ್ಟಲೆ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದ ಮಾಲೀಕರು ಅಂದಂದಿನ ಕೂಲಿಯನ್ನು ಅಂದಂದೇ ಎಣಿಸಬೇಕಾಯಿತು. ಹಾಗೆ ಕೊಟ್ಟವರ ಗಿರಣಿ ತಿರುಗಿತು. ನಮ್ಮ ಕಾಲದಲ್ಲಿ 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಜೋಡಣಾ ಘಟಕದಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜು, ಯಂತ್ರಗಳು ಪುಡಿಯಾದವು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ತಲುಪಿರಲಿಲ್ಲ ಎಂದು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು.

ಮುಚ್ಚಿದ್ದ ದಿನಗಳ ಸಂಬಳದ ಪ್ರಶ್ನೆಯೂ ಬಂದೇ ಬರುತ್ತದೆ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಪೂರ್ತಿ ಸಂಬಳ ಕೊಡಬೇಕೆಂದು ಆದೇಶಿಸಿತು, ಮೇ 18ರಿಂದ ಆ ಆದೇಶ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರೂ ಕೆಲಸಗಾರರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ ಎಂದಿತು. ನಿಮ್ಮ ಕೈಯಲ್ಲಿ ಪೂರ್ತಿ ಆಗದಿದ್ದರೆ ಎಷ್ಟು ಆಗುತ್ತದೆ, ಯಾವ ತಾರೀಕಿಗೆ ಎಂದು ಚೀಟಿಯಲ್ಲಿ ಬರೆದುಕೊಡಿ. "ನೋಡೋಣ" ಎಂಬ ಮಾತಿಗಿಂತ ಎರಡು ಕಂತಿನ ಚೀಟಿ ಮೇಲು.

ಹಂತ 3: ಫೋನ್ ಮಾಡಿ, ಆದರೆ ಕರೆಯಲು ಅಲ್ಲ

ಗ್ರೂಪಿನಲ್ಲಿ ನೋಟಿಸ್ ಬೇಡ. ಒಬ್ಬೊಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ, ದಿನಕ್ಕೆ ಹತ್ತು ಜನಕ್ಕೆ ಮೀರದಂತೆ. ಸಂಜೆ ಆರರ ನಂತರವಾದರೆ ಒಳ್ಳೆಯದು, ಹೊಲಕ್ಕೆ ಹೋದವರೂ ಮನೆ ಸೇರಿರುತ್ತಾರೆ. ಮೊದಲ ಫೋನಿನಲ್ಲಿ "ಯಾವಾಗ ಬರ್ತೀಯ" ಎಂಬ ಪ್ರಶ್ನೆಯನ್ನು ನುಂಗಿಕೊಳ್ಳಿ.

2021ರ ಜೂನ್, ಎರಡನೇ ಅಲೆ ಇಳಿಯುತ್ತಿದ್ದ ಹೊತ್ತು. ಮದ್ದೂರು ಕಡೆಯ ಒಬ್ಬ ಟೈಲರ್‌ಗೆ ಫೋನ್ ಮಾಡಿದ್ದೆ.

"ಏನಮ್ಮ, ಮನೇಲೆಲ್ಲ ಚೆನ್ನಾಗಿದ್ದೀರಾ?"

"ಇದ್ದೀವಿ ಸಾರ್. ನಮ್ಮತ್ತೆ ಹೋಗ್ಬಿಟ್ರು."

ಅವಳ ಕಾಲರ್ ಹೊಲಿಗೆ ಇಲ್ಲದೆ ಲೈನೇ ನಿಂತಿತ್ತು, ನನ್ನ ನಾಲಿಗೆಯ ತುದಿಯಲ್ಲಿ ಬೇರೆಯೇ ಮಾತಿತ್ತು. ಅದನ್ನು ಬಿಟ್ಟು, ಹೇಗಾಯಿತು, ಆಸ್ಪತ್ರೆ ಸಿಕ್ಕಿತಾ, ತಿಥಿ ಆಯಿತಾ ಎಂದು ಕೇಳಿದೆ. ಫೋನ್ ಇಡುವಾಗ ಅವಳೇ ಅಂದಳು: "ಬರ್ಬೇಕು ಅಂತಾನೇ ಇದ್ದೀನಿ ಸಾರ್, ಆದ್ರೆ ಒಂದು ತೊಂದ್ರೆ ಇದೆ." ಆ ತೊಂದರೆ ಏನೆಂದು ಆರನೇ ಹಂತದಲ್ಲಿ ಹೇಳುತ್ತೇನೆ. ಸಾವಿನ ಮನೆಗೆ ಕೆಲಸದ ಕರೆ ಹೋಗಬಾರದು, ಮಾತಾಡಿಸುವ ಕರೆ ಹೋಗಬೇಕು ಎಂದು ಅವತ್ತು ಗೊತ್ತಾಯಿತು.

ಹಂತ 4: ಅಡ್ಡಿಗಳನ್ನು ವಿಂಗಡಿಸಿ

ಫೋನ್ ಮುಗಿದಂತೆಲ್ಲ ಮೂರನೇ ಕಾಲಂ ತುಂಬುತ್ತದೆ. ಎಪ್ಪತ್ತು ಕಥೆಗಳಿದ್ದರೂ ಅವು ಐದು ಡಬ್ಬಿಯೊಳಗೆ ಕೂರುತ್ತವೆ:

- ಭಯ: "ನಂಗೆ ಬಂದ್ರೆ ಪರ್ವಾಗಿಲ್ಲ, ಮನೇಲಿ ವಯಸ್ಸಾದವರಿದ್ದಾರೆ."
- ದಾರಿ: ರೈಲಿಲ್ಲ, ಬಸ್ಸಿಲ್ಲ, ರೂಮ್ ಖಾಲಿ ಮಾಡಿ ಬಂದಾಗಿದೆ.
- ಮನೆ: ಮಕ್ಕಳಿಗೆ ಸ್ಕೂಲಿಲ್ಲ, ನೋಡಿಕೊಳ್ಳುವವರಿಲ್ಲ.
- ಮುನಿಸು: ಕಷ್ಟದಲ್ಲಿದ್ದಾಗ ಯಾರೂ ಒಂದು ಮಾತು ಕೇಳಲಿಲ್ಲ.
- ಬೇರೆ ದಾರಿ: ಊರಲ್ಲೇ ಮಷಿನ್ ಹಾಕಿಕೊಂಡಿದ್ದಾರೆ, ನರೇಗಾ ಕೆಲಸವಿದೆ, ರೇಷ್ಮೆ ಇದೆ.

ಪ್ರತಿ ಡಬ್ಬಿಗೂ ಮದ್ದು ಬೇರೆ. ಭಯದಿಂದ ಕೂತವರಿಗೆ ಹಾಜರಿ ಬೋನಸ್ ಕೊಟ್ಟರೆ ಭಯ ಹೋಗುವುದಿಲ್ಲ. ಮುನಿಸಿಕೊಂಡವರಿಗೆ ಸ್ಯಾನಿಟೈಸರ್ ತೋರಿಸಿ ಉಪಯೋಗವಿಲ್ಲ.

ಹಂತ 5: ಜಾಗ ಸರಿಮಾಡಿ, ತೋರಿಸಿ

ಭಯಕ್ಕೆ ಮದ್ದು ಭಾಷಣವಲ್ಲ, ಕಿಟಕಿ. ಮೊದಲ ವರ್ಷ ನಾವೂ ಬಾಗಿಲಲ್ಲಿ ಜ್ವರದ ಗನ್ ಹಿಡಿದು ನಿಂತೆವು, ನೆಲಕ್ಕೆಲ್ಲ ಔಷಧ ಸಿಂಪಡಿಸಿದೆವು. ರೋಗ ಮುಖ್ಯವಾಗಿ ಗಾಳಿಯಲ್ಲಿ ಹರಡುತ್ತದೆ ಎಂದು ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಬಟ್ಟೆ ರಾಶಿ ಅಡ್ಡ ಇಟ್ಟು ನಾವೇ ಮುಚ್ಚಿದ್ದ ನಾಲ್ಕು ಕಿಟಕಿಗಳು ಅಲ್ಲೇ ಇದ್ದವು. 1898ರ ಪ್ಲೇಗಿನ ನಂತರ ಇದೇ ಬೆಂಗಳೂರು ಇಕ್ಕಟ್ಟಿನ ಪೇಟೆ ಬಿಟ್ಟು, ಅಗಲ ರಸ್ತೆ, ಗಾಳಿ ಬೆಳಕಿನ ಬಸವನಗುಡಿ, ಮಲ್ಲೇಶ್ವರಗಳ ಕಡೆ ಬೆಳೆದದ್ದನ್ನು ನಾವು ಮರೆತಿದ್ದೆವು.

ಗಾಳಿ ಆಡುತ್ತಿದೆಯೇ ಎಂದು ನೋಡಲು ಯಂತ್ರ ಬೇಡ. ಒಂದು ಊದುಬತ್ತಿ ಹಚ್ಚಿ ಮೂಲೆ ಮೂಲೆಗೂ ಹೋಗಿ ನಿಲ್ಲಿ. ಹೊಗೆ ನೆಟ್ಟಗೆ ಮೇಲೇರಿ ಅಲ್ಲೇ ಸುತ್ತುತ್ತಿದ್ದರೆ ಆ ಮೂಲೆಯ ಗಾಳಿ ಸತ್ತಿದೆ. ಕಿಟಕಿಯ ಕಡೆಗೋ ಎಕ್ಸಾಸ್ಟ್ ಫ್ಯಾನಿನ ಕಡೆಗೋ ಎಳೆದುಕೊಂಡು ಹೋದರೆ ಸರಿ. ನಮ್ಮಲ್ಲಿ ಐರನ್ ಟೇಬಲ್ಲಿನ ಹಿಂದಿನ ಮೂಲೆ ಸತ್ತಿತ್ತು. ಅಲ್ಲಿಗೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಟೇಬಲ್ಲನ್ನು ಆಚೆ ಸರಿಸಿದೆವು.

ಆಮೇಲೆ ಮಷಿನ್‌ಗಳ ನಡುವೆ ಅಂತರ, ಸೋಪು, ನಲ್ಲಿಯಲ್ಲಿ ನೀರು, ಶುಚಿಯಾದ ಶೌಚಾಲಯ, ಎರಡು ಸರದಿಯಲ್ಲಿ ಊಟ. ಮಾಸ್ಕ್ ತೆಗೆದು ಡಬ್ಬಿ ಬಿಚ್ಚಿ ಪಕ್ಕದವರ ಚಟ್ನಿಗೆ ಕೈ ಹಾಕುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ಊಟಕ್ಕೆ ಮಹಡಿಯ ಮೇಲೆ ಶೀಟು ಹಾಕಿಸಿದೆವು.

ಎಲ್ಲ ಮುಗಿದ ಮೇಲೆ ಎರಡು ನಿಮಿಷದ ವಿಡಿಯೋ ಮಾಡಿ ಕಳಿಸಿ. ವಿಡಿಯೋದಲ್ಲಿ ಮಾಲೀಕರು ಮಾತಾಡುವುದು ಬೇಡ. ಈಗಾಗಲೇ ಬಂದಿರುವ ಟೈಲರೊಬ್ಬಳು ತನ್ನ ಜಾಗ, ಕಿಟಕಿ, ಊಟದ ಜಾಗ ತೋರಿಸಲಿ. ಅವಳ ಮಾತಿಗಿರುವ ಬೆಲೆ ನಿಮ್ಮ ಮಾತಿಗಿಲ್ಲ.

ಲಸಿಕೆಗೂ ದಾರಿ ಮಾಡಿಕೊಡಿ. 2021ರ ಜೂನ್ 21ರಿಂದ 18 ದಾಟಿದವರಿಗೆಲ್ಲ ಉಚಿತ ಲಸಿಕೆ ಶುರುವಾದಾಗ ನಾವು ಅರ್ಧ ದಿನ ಸಂಬಳ ಸಹಿತ ಬಿಡುವು, ಮರುದಿನ ಜ್ವರ ಬಂದರೆ ಪೂರ್ತಿ ರಜೆ ಕೊಟ್ಟೆವು. ಕೂಲಿ ಹೋಗುತ್ತದೆಂದು ಹಿಂಜರಿಯುತ್ತಿದ್ದವರು ಒಂದೇ ವಾರದಲ್ಲಿ ಹಾಕಿಸಿಕೊಂಡು ಬಂದರು.

ಹಂತ 6: ದಾರಿ ಮತ್ತು ಮನೆಯ ಅಡ್ಡಿ ತೆಗೆಯಿರಿ

ಬೆಂಗಳೂರಿನ ಎಷ್ಟೋ ಗಾರ್ಮೆಂಟ್ಸ್‌ಗಳ ಬೆನ್ನೆಲುಬು ಸುತ್ತಲಿನ ಊರುಗಳಿಂದ ಬೆಳಗ್ಗೆ ಬಂದು ಸಂಜೆ ಹೋಗುವ ಹೆಂಗಸರು. 2020ರ ಮಾರ್ಚ್ 22ರಿಂದ ಪ್ಯಾಸೆಂಜರ್ ರೈಲು ನಿಂತವು. ಮೇ 19ರಿಂದ ಬಸ್ ಓಡಾಡಿದರೂ ರೈಲಿನ ತಿಂಗಳ ಪಾಸಿನಲ್ಲಿ ಬರುತ್ತಿದ್ದವರಿಗೆ ಬಸ್ ಚಾರ್ಜು ಭಾರ. ಒಂದೇ ಕಡೆಯಿಂದ ಆರೇಳು ಜನ ಬರುವುದಿದ್ದರೆ ಟೆಂಪೋ ಟ್ರಾವೆಲರ್ ಗೊತ್ತು ಮಾಡಿ, ಅಥವಾ ಬಸ್ ಚಾರ್ಜಿನ ಹೆಚ್ಚುವರಿ ದುಡ್ಡು ಕೊಡಿ. ಅದೂ ಆಗದಿದ್ದರೆ ಬಸ್ ವೇಳೆಗೆ ತಕ್ಕಂತೆ ಕೆಲಸದ ವೇಳೆ ಅರ್ಧ ಗಂಟೆ ಸರಿಸಿ. ಇದಕ್ಕೆ ಕಾಸು ಖರ್ಚಿಲ್ಲ.

ಮನೆಯ ಅಡ್ಡಿ ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ 2021ರ ಎರಡನೇ ಅಲೆಯ ನಂತರ 9ರಿಂದ 12ನೇ ತರಗತಿ ಶುರುವಾದದ್ದು ಆಗಸ್ಟ್ 23ಕ್ಕೆ, 6ರಿಂದ 8 ಸೆಪ್ಟೆಂಬರ್ 6ಕ್ಕೆ, 1ರಿಂದ 5 ಅಕ್ಟೋಬರ್ 25ಕ್ಕೆ. ಜೂನ್‌ನಲ್ಲಿ ಕಾರ್ಖಾನೆ ತೆರೆದು "ಬನ್ನಿ" ಎಂದರೆ ಎಂಟು ವರ್ಷದ ಮಗುವನ್ನು ಯಾರ ಬಳಿ ಬಿಡಬೇಕು? ಐವತ್ತು ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ ಕ್ರೆಶ್ ಇರಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲೇ ತಿದ್ದುಪಡಿಯಾಗಿತ್ತು. ಕಾಗದದ ಮೇಲಷ್ಟೇ ಇರುವ ಕ್ರೆಶ್‌ಗೆ ಚಾಪೆ, ಹಾಲು, ಒಬ್ಬ ಆಯಾ ಬರಬೇಕಾದ ಹೊತ್ತು ಇದು.

ಈಗ ಮದ್ದೂರು ಕಡೆಯವಳ ತೊಂದರೆ. ಏನೆಂದು ಕೇಳಿದ್ದಕ್ಕೆ ಅವಳು ಅಂದದ್ದು: "ಫೋನ್ ಒಂದೇ ಸಾರ್." ಮಗಳು ಏಳನೇ ಕ್ಲಾಸು, ಬೆಳಗ್ಗೆ ಹತ್ತರಿಂದ ಆನ್‌ಲೈನ್ ಪಾಠ. ತಾಯಿ ಫೋನ್ ತಂದರೆ ಮಗಳಿಗೆ ಪಾಠವಿಲ್ಲ. ಬಿಟ್ಟು ಬಂದರೆ ಮನೆಯಲ್ಲಿ ಒಬ್ಬಳೇ ಇರುವ ಹುಡುಗಿಯನ್ನು ಅಮ್ಮ ವಿಚಾರಿಸುವ ಹಾಗಿಲ್ಲ. ನಮ್ಮ ಆಫೀಸಿನ ಡ್ರಾಯರಿನಲ್ಲಿ ಗಾಜಿನ ಒಂದು ಮೂಲೆ ಬಿರುಕುಬಿಟ್ಟ ಹಳೇ ಸ್ಮಾರ್ಟ್‌ಫೋನ್ ಬಿದ್ದಿತ್ತು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟೆವು. ಮುಂದಿನ ಸೋಮವಾರ ಅವಳು ಲೈನಿನಲ್ಲಿದ್ದಳು. ಹಾಜರಿ ಬೋನಸ್ ಇಷ್ಟು, ಅಷ್ಟು ಎಂದು ನಾವು ಎರಡು ವಾರ ಚರ್ಚೆ ಮಾಡಿದ್ದೆವು!

ಹಂತ 7: ಯಾರು ಮೊದಲು ಎಂಬುದಕ್ಕೆ ನಿಯಮ ಹಾಕಿ

ಎಲ್ಲರನ್ನೂ ಒಮ್ಮೆಗೇ ಕರೆಯುವ ಸ್ವಾತಂತ್ರ್ಯ ಇರುವುದಿಲ್ಲ. 2021ರ ಜೂನ್ 14ರಿಂದ ಬೆಂಗಳೂರಿನಲ್ಲಿ ಬೇರೆ ಕಾರ್ಖಾನೆಗಳಿಗೆ ಶೇ 50ರಷ್ಟು, ಗಾರ್ಮೆಂಟ್ಸ್‌ಗೆ ಶೇ 30ರಷ್ಟು ಸಿಬ್ಬಂದಿಗೆ ಮಾತ್ರ ಅನುಮತಿಯಿತ್ತು. ನಮ್ಮ ಲೆಕ್ಕದಲ್ಲಿ 21 ಜನ. ಸೂಪರ್‌ವೈಸರ್ ತನಗೆ ಬೇಕಾದವರ ಪಟ್ಟಿ ತಂದ. ಅದನ್ನು ಬದಿಗಿಟ್ಟು ಮೂರು ತಂಡ ಮಾಡಿದೆವು, ಒಂದೊಂದರಲ್ಲೂ ಕಟಿಂಗ್, ಹೊಲಿಗೆ, ಚೆಕಿಂಗ್, ಐರನ್‌ಗೆ ಬೇಕಾದವರು ಇರುವ ಹಾಗೆ. ಯಾವ ತಂಡ ಯಾವ ವಾರ ಎಂದು ಎಲ್ಲರಿಗೂ ಕಾಣುವಂತೆ ಚೀಟಿ ಎತ್ತಿದೆವು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಕೊನೆಗೆ ಬರಲಿ ಎಂದು ಬಿಟ್ಟೆವು. ಚೀಟಿಯಲ್ಲಿ ಹಿಂದೆ ಬಿದ್ದವರು ಬೇಸರ ಮಾಡಿಕೊಂಡರು, ಆದರೆ ಅನ್ಯಾಯವಾಯಿತು ಎನ್ನಲಿಲ್ಲ. ಇವೆರಡರ ನಡುವಿನ ವ್ಯತ್ಯಾಸದಲ್ಲೇ ಮಾಲೀಕನ ಮರ್ಯಾದೆ ಇರುವುದು.

ಹಂತ 8: ಜ್ವರ ಬಂದವರು ಸುಳ್ಳು ಹೇಳಬೇಕಾಗದ ಹಾಗೆ ಮಾಡಿ

ಒಂದು ದಿನದ ಕೂಲಿ ಕಡಿಯುತ್ತದೆ ಎಂದಾದರೆ ಜ್ವರವಿದ್ದವರು ಮಾತ್ರೆ ನುಂಗಿ ಬರುತ್ತಾರೆ. ಅವರ ಪಕ್ಕ ಕೂರುವವರಿಗೆ ಅದು ಗೊತ್ತಿರುತ್ತದೆ, ಅವರು ಬರುವುದನ್ನು ನಿಲ್ಲಿಸುತ್ತಾರೆ. ಮೊದಲ ವರ್ಷ ನಮ್ಮಲ್ಲಿ ಆದದ್ದು ಇದೇ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಇಎಸ್ಐ ವ್ಯಾಪ್ತಿಗೆ ಬರುತ್ತಾರೆ. ಆರು ತಿಂಗಳ ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಕಟ್ಟಿದ್ದರೆ, ಕಾಯಿಲೆ ರಜೆಗೆ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕೆಲಸಗಾರರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಕಾರ್ಡಿನ ನಂಬರ್, ಹತ್ತಿರದ ಇಎಸ್ಐ ಡಿಸ್ಪೆನ್ಸರಿಯ ವಿಳಾಸ ಬರೆದು ಪ್ರತಿಯೊಬ್ಬರ ಕೈಗೂ ಕೊಡಿ. ಒಂದು ಸಣ್ಣ ಕಂಡಿ ಇದೆ: ಸಾಮಾನ್ಯವಾಗಿ ಕಾಯಿಲೆಯ ಮೊದಲ ಎರಡು ದಿನಕ್ಕೆ ಇಎಸ್ಐ ದುಡ್ಡು ಬರುವುದಿಲ್ಲ. ಮನೆಯಲ್ಲಿರೋಣವೇ, ಕೆಲಸಕ್ಕೆ ಹೋಗೋಣವೇ ಎಂದು ಮನಸ್ಸು ಹೊಯ್ದಾಡುವುದು ಆ ಎರಡು ದಿನವೇ. ಆ ಎರಡು ದಿನದ ಕೂಲಿಯನ್ನು ಕಾರ್ಖಾನೆಯಿಂದ ಕೊಡಿ. ನಾವು ಮಾಡಿದ ಖರ್ಚುಗಳಲ್ಲಿ ಇದಕ್ಕಿಂತ ಚೆನ್ನಾಗಿ ಫಲ ಕೊಟ್ಟದ್ದು ಇನ್ನೊಂದಿಲ್ಲ.

ಹಂತ 9: ಮೊದಲ ವಾರ ಟಾರ್ಗೆಟ್ ಇಳಿಸಿ

ಬಂದವರು ಮರುದಿನವೂ ಬರಬೇಕಲ್ಲ. ಮೊದಲ ದಿನ ಹೊಲಿಗೆಯನ್ನೇ ಇಟ್ಟುಕೊಳ್ಳಬೇಡಿ. ಮಷಿನ್ ಒರೆಸಿ, ಎಣ್ಣೆ ಬಿಟ್ಟು, ಸೂಜಿ ಬದಲಿಸಿ, ಚಿಂದಿ ಬಟ್ಟೆಯ ಮೇಲೆ ಓಡಿಸಿ ನೋಡಲಿ. ಕೈಗೂ ಮಷಿನ್ನಿಗೂ ಮತ್ತೆ ಪರಿಚಯವಾಗಬೇಕು. ಮೊದಲ ವಾರ ಹಳೇ ಟಾರ್ಗೆಟ್ಟಿನ ಅರ್ಧ, ಎರಡನೇ ವಾರ ಮುಕ್ಕಾಲು, ಮೂರನೇ ವಾರಕ್ಕೆ ಪೂರ್ತಿ. ಕಾಯಿಲೆ ಬಿದ್ದು ಎದ್ದವರಿಗೆ ಇನ್ನೂ ಎರಡು ವಾರ ಹೆಚ್ಚು. ಅವರಿಗೆ ಮೆಟ್ಟಿಲು ಹತ್ತಿದರೇ ಏದುಸಿರು ಬರುತ್ತಿರುತ್ತದೆ. ಕಳೆದುಹೋದ ಆರ್ಡರ್ ತುಂಬಿಕೊಳ್ಳಲು ಮೊದಲ ವಾರವೇ ಓಟಿ ಹಾಕಬೇಡಿ. ಹಾಕಲೇಬೇಕಾಗಿ ಬಂದಾಗ ದುಪ್ಪಟ್ಟು ಕೂಲಿ ಕಾನೂನಿನ ಮಾತು, ಉಪಕಾರವಲ್ಲ.

ಮೊದಲ ದಿನದ ಟೀ ಹೊತ್ತಿನಲ್ಲಿ, ತೀರಿಕೊಂಡವರನ್ನು ಹೆಸರು ಹೇಳಿ ನೆನೆಯಿರಿ. ಎರಡು ನಿಮಿಷ ಸಾಕು. ಏನೂ ಆಗಿಲ್ಲವೆಂಬಂತೆ ಸೈರನ್ ಹೊಡೆಯುವುದು ಕ್ರೂರವಾಗಿ ಕಾಣುತ್ತದೆ.

ಹಂತ 10: ಬರದವರನ್ನು ಮರ್ಯಾದೆಯಿಂದ ಬೀಳ್ಕೊಡಿ

ಐದನೇ ಡಬ್ಬಿಯವರು ಬರುವುದಿಲ್ಲ, ಬರಬೇಕಾದದ್ದೂ ಇಲ್ಲ. ಬಲವಂತದಿಂದ ಹಿಡಿದಿಡಲು ಹೋಗಬೇಡಿ. 2020ರ ಮೇ ಮೊದಲ ವಾರ ರಾಜ್ಯ ಸರ್ಕಾರ ಕಟ್ಟಡ ನಿರ್ಮಾಣದವರ ಜೊತೆಗಿನ ಸಭೆಯ ನಂತರ ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳು ಬೇಡವೆಂದಿತು, ಟೀಕೆ ಜೋರಾದಾಗ ಎರಡು ಮೂರು ದಿನದಲ್ಲೇ ಮತ್ತೆ ಒಪ್ಪಿತು. ಹೋಗಲು ಬಿಡದವರ ಹತ್ತಿರಕ್ಕೆ ಮರಳಿ ಬರಲು ಯಾರಿಗೆ ಮನಸ್ಸಾದೀತು? ಲೆಕ್ಕ ಚುಕ್ತಾ ಮಾಡಿ, ಪಿಎಫ್ ಕಾಗದಕ್ಕೆ ಸಹಿ ಹಾಕಿ, ಅನುಭವದ ಪತ್ರ ಕೊಟ್ಟು, "ಯಾವತ್ತಾದರೂ ಬರಬೇಕು ಅನ್ಸಿದ್ರೆ ಬಾಮ್ಮ" ಎನ್ನಿ. ಹಾಗೆ ಹೋದ ಆರು ಜನರಲ್ಲಿ ಇಬ್ಬರು ಮರುವರ್ಷ ತಾವಾಗೇ ಬಂದರು, ಒಬ್ಬಳು ತಂಗಿಯನ್ನೂ ಕರೆದುಕೊಂಡು.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪುಗಳು

- ಗಡುವಿನ ನೋಟಿಸ್. ಫಲಿತಾಂಶ ಮೇಲೆಯೇ ಹೇಳಿದ್ದೇನೆ: 23 ಇದ್ದದ್ದು 21.
- ನಾವೆಲ್ಲ ಒಂದೇ ಕುಟುಂಬ ಎಂಬ ಭಾಷಣ. ಕುಟುಂಬದವರಾದರೆ ಎರಡು ತಿಂಗಳು ಒಂದು ಫೋನ್ ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಿಯಾರು.
- ಹೊಸಬರಿಗೆ ಹೆಚ್ಚು ಸಂಬಳ ಕೊಟ್ಟು ಹಳಬರಿಗೆ ಹಳೇ ಸಂಬಳ. ಇದು ಒಂದೇ ದಿನದಲ್ಲಿ ಲೈನಿನ ತುದಿಯವರೆಗೂ ತಲುಪುತ್ತದೆ.
- ಮಾತು ಕೊಟ್ಟು ಮರೆಯುವುದು. ನಾಲ್ಕನೇ ಕಾಲಂ ಇರುವುದೇ ಇದಕ್ಕಾಗಿ. ಮಾಡಿದ್ದಕ್ಕೆ ಟಿಕ್ ಹಾಕುತ್ತಾ ಹೋಗಿ.

ಕಂಪ್ಯೂಟರ್ ಮುಂದಿನ ಕೆಲಸವಾದರೆ

ಇಲ್ಲಿ ಅಡ್ಡಿ ಬೇರೆ ಜಾತಿಯದು, ಹಂತಗಳು ಇವೇ. ದೊಡ್ಡ ಐಟಿ ಕಂಪನಿ ಟಿಸಿಎಸ್ 2020ರಲ್ಲಿ, 2025ರ ಹೊತ್ತಿಗೆ ಯಾವುದೇ ಸಮಯದಲ್ಲಿ ಶೇ 25ರಷ್ಟು ಜನ ಕಚೇರಿಯಲ್ಲಿದ್ದರೆ ಸಾಕು ಎಂದಿತ್ತು. 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಬರಬೇಕೆಂದಿತು. ಮನೆಯಿಂದಲೇ ಕೆಲಸ ಎಂಬ ಮಾತು ನಂಬಿ ಜನ ಊರಿಗೆ ಹೋಗಿ ನೆಲೆಸಿರುತ್ತಾರೆ, ಮಕ್ಕಳನ್ನು ಅಲ್ಲಿನ ಸ್ಕೂಲಿಗೆ ಸೇರಿಸಿರುತ್ತಾರೆ. ನಿಯಮ ಬದಲಿಸುವುದಾದರೆ ಶಾಲೆಯ ವರ್ಷ ಮುಗಿಯುವವರೆಗಾದರೂ ಸಮಯ ಕೊಡಿ. ಕಚೇರಿಗೇ ಬಂದು ಮಾಡಬೇಕಾದ ಕೆಲಸ ಯಾವುದೆಂದು ಬಿಡಿಸಿ ಹೇಳಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬಂದವರು ಮತ್ತೆ ಕಿವಿಗೆ ಹೆಡ್‌ಫೋನ್ ಹಾಕಿ ಅದೇ ವಿಡಿಯೋ ಮೀಟಿಂಗಿಗೆ ಕೂತರೆ, ಅವರನ್ನು ಯಾಕೆ ಕರೆಸಿದಿರಿ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಜನ ನಿಜವಾಗಿ ಮರಳಿದ್ದಾರೆಂದು ತಿಳಿಯುವುದು ಹೇಗೆ?

ಹಾಜರಿ ಪುಸ್ತಕದಿಂದ ಪೂರ್ತಿ ತಿಳಿಯುವುದಿಲ್ಲ. ಬಂದ ಮೊದಲ ವಾರಗಳಲ್ಲಿ ಎಲ್ಲರೂ ಮೌನವಾಗಿರುತ್ತಾರೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಆ ಮೌನ ಕಂಡು ಖುಷಿಪಡಬೇಡಿ.

2021ರ ಸೆಪ್ಟೆಂಬರ್ ಎರಡನೇ ವಾರ, ಮದ್ದೂರು ಕಡೆಯವಳು ಆಫೀಸಿಗೆ ಬಂದು ಆ ಹಳೇ ಫೋನನ್ನು ಮೇಜಿನ ಮೇಲಿಟ್ಟಳು. ಚಾರ್ಜರಿನ ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ಬಿಚ್ಚಿಕೊಳ್ಳದಂತೆ ಬಿಳಿ ಹೊಲಿಗೆ ದಾರ ಕಟ್ಟಿದ್ದಳು. "ಸ್ಕೂಲ್ ಶುರುವಾಯ್ತು ಸಾರ್." ರಿಜಿಸ್ಟರಿನಲ್ಲಿ ಸಹಿ ಹಾಕಿ ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಸ್ವಲ್ಪ ಸಿಟ್ಟಿನಲ್ಲೇ ಅಂದಳು: "ನನ್ ಮಷಿನ್ ಬೆಲ್ಟ್ ಸಡಿಲ ಆಗಿ ಹದಿನೈದು ದಿನ ಆಯ್ತು. ಮೆಕ್ಯಾನಿಕ್‌ಗೆ ಎಷ್ಟ್ ಸಲ ಹೇಳೋದು?"

ನಾನು ನೋಟ್‌ಬುಕ್ ತೆಗೆದು ಅವಳ ಹೆಸರಿನ ಮುಂದೆ ಟಿಕ್ ಹಾಕಿ, ಮೆಕ್ಯಾನಿಕ್ಕನ್ನು ಕರೆದೆ.